ಹಾಡು ಉಳಿಯಬೇಕಾದರೆ: ಮನೆಯ ಧ್ವನಿಮುದ್ರಣ ಮತ್ತು ಹಾರ್ಡ್ ಡಿಸ್ಕ್



ನವೆಂಬರ್ 22 ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬ. ಅಂದು ಗಾನವೃಂದದವರನ್ನು ಮುಂದೆ ಕರೆದು ನಾಲ್ಕು ಒಳ್ಳೆಯ ಮಾತಾಡಿ, ಕಾಫಿ ಕೊಟ್ಟು ಕಳುಹಿಸುವುದು ಅನೇಕ ಧರ್ಮಕೇಂದ್ರಗಳಲ್ಲಿ ನಡೆದುಬಂದ ರೂಢಿ. ಹಾಡುವವರನ್ನು ಹೀಗೆ ವರ್ಷಕ್ಕೊಮ್ಮೆಯಾದರೂ ನೆನೆಯುತ್ತೇವೆ. ಅವರು ಹಾಡಿದ್ದು ಎಲ್ಲಿ ಹೋಗಿ ಸೇರುತ್ತದೆ ಎಂದು ವಿಚಾರಿಸುವವರು ಮಾತ್ರ ಕಡಿಮೆ. ಇಂದು ಹಳ್ಳಿಯ ಮನೆಗಳಲ್ಲೂ ಕಂಪ್ಯೂಟರ್ ಕಾಣುತ್ತೇವೆ. ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ, ಇಷ್ಟಿದ್ದರೆ ನಡುಮನೆಯೇ ಸ್ಟುಡಿಯೊ. ನಮ್ಮ ಯುವಕರು ಯಾವ ಮೈಕು ಕೊಳ್ಳಬೇಕೆಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಹಾರ್ಡ್ ಡಿಸ್ಕಿನ ಬಗ್ಗೆ ಕೇಳಿದರೆ "ಅದು ಒಳಗೇ ಇದೆಯಲ್ಲಾ ಫಾದರ್" ಎನ್ನುತ್ತಾರೆ. ಒಳಗೇ ಇರುವ ಆ ವಸ್ತುವಿನ ಬಗ್ಗೆ ಇಂದು ಸ್ವಲ್ಪ ವಿವರವಾಗಿ ತಿಳಿಯೋಣ.

ಬುಕ್ಕಾಪಟ್ಟಣದ ಸೀಮೆಯಲ್ಲಿ ಈ ವಿಷಯಕ್ಕೆ ವಿಶೇಷ ತೂಕವಿದೆ. ಶಿರಾ ತಾಲ್ಲೂಕಿನ ಈ ಒಣನೆಲವನ್ನು ಹೊರಗಿನವರು ಗುರುತಿಸುವುದು ಚಿಂಕಾರಗಳಿಂದ. 2019ರಲ್ಲಿ ಇಲ್ಲಿನ ಕಾಡನ್ನು ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಪ್ರಾಣಿಗೆ ಧಾಮವಾಯಿತು, ಸಂತೋಷ. ಆದರೆ ಇದೇ ನೆಲದ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರ ವೀರ ಜುಂಜಪ್ಪನ ಕಥೆಯನ್ನು ಬಾಯಲ್ಲೇ ಉಳಿಸಿಕೊಂಡು ಬಂದ ಹಿರಿಯರಿದ್ದಾರೆ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಇರುವುದು ಇದೇ ತಾಲ್ಲೂಕಿನಲ್ಲಿ. ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿನ ನಾದಕ್ಕೂ ಆ ಕಥೆಗೂ ಬಿಡಿಸಲಾಗದ ನಂಟು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಅವರ ನೆನಪಿನಲ್ಲಿ ಸಾವಿರಾರು ಸಾಲು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರು ಅವರು ಅವನ್ನು ಸಂಗ್ರಹಿಸಿ 'ಸಾವಿರದ ಸಿರಿಬೆಳಗು' ಎಂದು ಪ್ರಕಟಿಸಿದ್ದರಿಂದ ನಮಗೆ ಓದಲು ಸಿಕ್ಕಿವೆ. ಪುಸ್ತಕದಲ್ಲಿ ಪದ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ದನಿಯನ್ನು ಉಳಿಸುವ ಸಾಧನ ಈಗ ಮೊಮ್ಮಕ್ಕಳ ಕೈಯಲ್ಲಿದೆ. ಗಾನವೃಂದದ ಹಾಡನ್ನು ಕೆಟ್ಟರೆ ಮುಂದಿನ ಭಾನುವಾರ ಮತ್ತೆ ಹಾಡಿಸಬಹುದು. ಎಂಬತ್ತು ದಾಟಿದ ಅಜ್ಜಿಯನ್ನು ಹಾಗೆ ಮತ್ತೆ ಕೂರಿಸಲು ಆಗುತ್ತದೆಯೇ?

ಮೊದಲು ಲೆಕ್ಕ ನೋಡೋಣ, ಏಕೆಂದರೆ ಡಿಸ್ಕ್ ಕೊಳ್ಳುವವರೆಲ್ಲ ಕೇಳುವ ಮೊದಲ ಪ್ರಶ್ನೆ "ಎಷ್ಟು ದೊಡ್ಡದು ಬೇಕು?" ಎಂಬುದು. ಕಂಪ್ಯೂಟರ್ ಧ್ವನಿಯನ್ನು ಸೆಕೆಂಡಿಗೆ ಹಲವು ಸಾವಿರ ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಆಡಿಯೊ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆ, ಒಂದೊಂದೂ 16 ಬಿಟ್. ಎಡ ಬಲ ಎರಡೂ ಸೇರಿ ಗಂಟೆಗೆ ಸುಮಾರು 635 ಎಂಬಿ. ಮನೆಯ ಧ್ವನಿಮುದ್ರಣಕ್ಕೆ ನಾವು ಹೇಳುವುದು 48,000 ಅಳತೆ, 24 ಬಿಟ್. ಬಿಟ್ ಹೆಚ್ಚಿದ್ದರೆ ಮಟ್ಟವನ್ನು ತಗ್ಗಿಸಿಟ್ಟುಕೊಂಡೇ ಮುದ್ರಿಸಬಹುದು. ಅಜ್ಜಿಯ ಮೆಲುದನಿಯ ನಡುವೆ ಯಾರೋ ಉತ್ಸಾಹದಿಂದ ತಮಟೆಗೆ ಒಂದು ಏಟು ಕೊಟ್ಟರೂ ಧ್ವನಿ ಒಡೆಯುವುದಿಲ್ಲ. ಈ ಲೆಕ್ಕದಲ್ಲಿ ಒಂದೇ ಮೈಕಿನ ಮುದ್ರಣಕ್ಕೆ ಗಂಟೆಗೆ ಸುಮಾರು 520 ಎಂಬಿ, ಎರಡು ಮೈಕಿಗೆ ಒಂದು ಜಿಬಿಗಿಂತ ತುಸು ಹೆಚ್ಚು. ರಾತ್ರಿಯಿಡೀ ಎಂಟು ಗಂಟೆ ಹಾಡಿದರೂ 8.3 ಜಿಬಿ. ಒಂದು ಟಿಬಿ ಡಿಸ್ಕಿನಲ್ಲಿ ಇಂಥ ನೂರಕ್ಕೂ ಹೆಚ್ಚು ರಾತ್ರಿಗಳು ಹಿಡಿಸುತ್ತವೆ. 96,000 ಅಳತೆಗೆ ಏರಿಸಿದರೆ ಜಾಗ ದುಪ್ಪಟ್ಟು ಬೇಕು. ನಡುಮನೆಯಲ್ಲಿ ಕುಳಿತು ಮುದ್ರಿಸುವ ಹಾಡಿಗೆ ಅದರಿಂದ ಕಿವಿಗೆ ಗೊತ್ತಾಗುವಂಥ ಲಾಭವಿಲ್ಲ ಎಂಬುದು ನಮ್ಮ ಅಭಿಪ್ರಾಯ. (ಅಂಗಡಿಯಲ್ಲಿ 1 ಟಿಬಿ ಎಂದು ಕೊಟ್ಟದ್ದು ಮನೆಯಲ್ಲಿ 931 ಜಿಬಿ ಎಂದು ಕಂಡರೆ ಅಂಗಡಿಯವನನ್ನು ಬಯ್ಯಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ತೋರಿಸುತ್ತದೆ, ಅಷ್ಟೆ.)

ಹೀಗೆ ನೋಡಿದರೆ ಜಾಗ ಇಂದು ಸಮಸ್ಯೆಯೇ ಅಲ್ಲ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಬೀರುವಿನಷ್ಟು ದೊಡ್ಡದಾದ ಆ ಯಂತ್ರ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು ಮಾತ್ರ. ನಮ್ಮ ಅಜ್ಜಿಯ ಹಾಡು ಅದರಲ್ಲಿ ಅರ್ಧ ನಿಮಿಷವೂ ಹಿಡಿಸುತ್ತಿರಲಿಲ್ಲ.

ವೇಗವೂ ಇಂದು ಅಂಥ ಸಮಸ್ಯೆಯಲ್ಲ. 2000ದ ಸುಮಾರಿಗೆ ಧ್ವನಿಮುದ್ರಣ ಮಾಡುವವರು ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕೇ ಬೇಕು, 5,400 ಸುತ್ತಿನದು ಬೇಡ ಎಂದು ಪಟ್ಟು ಹಿಡಿಯುತ್ತಿದ್ದರು. ಅದಕ್ಕೆ ಕಾರಣವಿತ್ತು. ತಟ್ಟೆಯ ಮೇಲೆ ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರುವವರೆಗೆ ಕಾಯಬೇಕು. 7,200 ಸುತ್ತಿನ ಡಿಸ್ಕಿನಲ್ಲಿ ಈ ಕಾಯುವಿಕೆ ಸರಾಸರಿ 4.2 ಮಿಲಿಸೆಕೆಂಡ್, 5,400ರಲ್ಲಿ 5.6. ಹತ್ತಾರು ಟ್ರ್ಯಾಕುಗಳನ್ನು ಒಟ್ಟಿಗೆ ನುಡಿಸುತ್ತಾ ಹೊಸದನ್ನು ಬರೆಯುವಾಗ ಮುಳ್ಳು ಅತ್ತಿಂದಿತ್ತ ಓಡಿ ಸುಸ್ತಾಗಿ ಹಾಡು ತಡವರಿಸುತ್ತಿತ್ತು. ಇಂದು ಎಂಟು ಮೈಕು ಒಟ್ಟಿಗೆ ಇಟ್ಟರೂ ಸೆಕೆಂಡಿಗೆ ಬರೆಯಬೇಕಾದದ್ದು 1.15 ಎಂಬಿ. ಸಾಧಾರಣ ಹಾರ್ಡ್ ಡಿಸ್ಕೇ ಸಾಲಾಗಿ ಬರೆಯುವಾಗ ಸೆಕೆಂಡಿಗೆ 100 ಎಂಬಿ ದಾಟುತ್ತದೆ. ಆದ್ದರಿಂದ ಮುದ್ರಣದ ನಡುವೆ ಚಟ್ ಚಟ್ ಎಂದು ಸದ್ದು ಬಂದರೆ ಡಿಸ್ಕ್ ಬದಲಿಸಲು ಓಡಬೇಡಿ. ಹೆಚ್ಚಾಗಿ ಅದು ಇಂಟರ್‌ಫೇಸಿನ ಡ್ರೈವರ್ ತಂತ್ರಾಂಶದ್ದೋ ಬಫರ್ ತೀರಾ ಚಿಕ್ಕದಿರುವುದರದ್ದೋ ದೋಷ. ಮುದ್ರಿಸುವಾಗ ಬಫರನ್ನು 512ಕ್ಕೋ 1,024ಕ್ಕೋ ಏರಿಸಿ ನೋಡಿ.

ಹಾಗಿದ್ದರೆ ಡಿಸ್ಕನ್ನು ಅಣಿಗೊಳಿಸುವುದು ಎಂದರೇನು? ಜಾಗಕ್ಕಾಗಿಯೂ ಅಲ್ಲ, ವೇಗಕ್ಕಾಗಿಯೂ ಅಲ್ಲ ಎಂದಾದರೆ ಯಾವುದಕ್ಕಾಗಿ? ಡಿಸ್ಕ್ ಎಂದಾದರೂ ಒಂದು ದಿನ ಕೆಟ್ಟೇ ಕೆಡುತ್ತದೆ ಎಂಬುದನ್ನು ಒಪ್ಪಿಕೊಂಡು, ಆ ದಿನ ಹಾಡು ಮಾತ್ರ ಹೋಗದಂತೆ ಮೊದಲೇ ವ್ಯವಸ್ಥೆ ಮಾಡುವುದು. ಉಳಿದೆಲ್ಲ ಅದರ ವಿವರಗಳು.

ಇಲ್ಲಿ ನಮ್ಮ ಜನರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಅಂಗಡಿಯಲ್ಲಿ ಜೋಡಿಸಿಕೊಟ್ಟ ಕಂಪ್ಯೂಟರನ್ನು ತೆರೆದರೆ ಸಿ, ಡಿ, ಇ ಎಂದು ಮೂರು ಡ್ರೈವುಗಳು ಕಾಣುತ್ತವೆ. "ಸಿ ಡ್ರೈವಿನಲ್ಲಿ ಏನೂ ಇಡಬೇಡಿ, ಡಿ ಯಲ್ಲಿ ಇಟ್ಟರೆ ಭದ್ರ" ಎಂದು ಅಂಗಡಿಯ ಹುಡುಗ ಹೇಳಿರುತ್ತಾನೆ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ವಿಂಡೋಸ್ ಕೆಟ್ಟು ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಡಿ ಯಲ್ಲಿರುವುದು ಉಳಿಯುತ್ತದೆ. ಆದರೆ ಬಹಳಷ್ಟು ಮನೆಗಳಲ್ಲಿ ಈ ಮೂರೂ ಒಂದೇ ಡಿಸ್ಕಿನ ಮೂರು ಭಾಗಗಳು. ಒಂದೇ ಮನೆಗೆ ಎಳೆದ ಮೂರು ಗೋಡೆಗಳಿದ್ದಂತೆ. ಮನೆಯೇ ಕುಸಿದರೆ ಯಾವ ಕೋಣೆಯಲ್ಲಿದ್ದರೇನು?

ನಮಗೆ ಪರಿಚಯದ ಒಬ್ಬ ಶಾಲಾ ಶಿಕ್ಷಕರು ಮೂರು ಬೇಸಿಗೆ ರಜೆಗಳಲ್ಲಿ ತಮ್ಮ ತಾಯಿಯ ಸೋಬಾನೆ ಪದಗಳನ್ನೂ ರಾಗಿ ಬೀಸುವ ಪದಗಳನ್ನೂ ಹೀಗೆ ಡಿ ಡ್ರೈವಿಗೆ ತುಂಬಿದ್ದರು. ತಾಯಿ ತೀರಿಕೊಂಡ ಮೇಲೆ ವರ್ಷದ ತಿಥಿಯಂದು ನೆಂಟರಿಗೆಲ್ಲ ಕೇಳಿಸೋಣವೆಂದು ಕಂಪ್ಯೂಟರ್ ಹಾಕಿದರೆ ಒಳಗಿನಿಂದ ಗಡಿಯಾರದಂತೆ ಟಿಕ್ ಟಿಕ್ ಸದ್ದು. ಪರದೆಯ ಮೇಲೆ ಡಿ ಯೂ ಇಲ್ಲ, ಇ ಯೂ ಇಲ್ಲ. ಸರಿಯಾಗಬಹುದೆಂದು ಅವರ ಅಳಿಯ ಸಂಜೆಯವರೆಗೂ ಹಾಕಿ ಆರಿಸಿ ಹಾಕಿ ಆರಿಸಿ ನೋಡಿದ. ಬೆಂಗಳೂರಿಗೆ ಒಯ್ದಾಗ, ತಟ್ಟೆಗಳ ಮೇಲ್ಮೈಯೇ ಗೀಚಿಹೋಗಿದೆ, ಏನೂ ಬರುವುದಿಲ್ಲ ಎಂದರಂತೆ. ತಾಯಿಯ ದನಿಯೆಂದು ಆ ಮನೆಯಲ್ಲಿ ಈಗ ಉಳಿದಿರುವುದು ಯಾರದೋ ಮೊಬೈಲಿನಲ್ಲಿದ್ದ ನಲವತ್ತು ಸೆಕೆಂಡಿನ ಒಂದು ತುಣುಕು. ಅದರಲ್ಲಿ ಆಕೆ ಹಾಡುತ್ತಿಲ್ಲ, ಊಟಕ್ಕೆ ಕರೆಯುತ್ತಿದ್ದಾರೆ.

ಆ ಟಿಕ್ ಟಿಕ್ ಏನೆಂದು ತಿಳಿದರೆ ಜಾಗ್ರತೆ ತಾನಾಗಿ ಬರುತ್ತದೆ. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ತಿರುಗುತ್ತಿರುತ್ತವೆ. ಓದಿ ಬರೆಯುವ ಮುಳ್ಳು ಅವನ್ನು ಮುಟ್ಟುವುದಿಲ್ಲ. ಗಾಳಿಯ ಒಂದು ಪದರದ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್ ಎಂದರೆ ಎತ್ತರ ಎಷ್ಟೆಂದು ಊಹಿಸಿ. ಮಂಚದ ತುದಿಯಲ್ಲಿ ಇಟ್ಟ ಹೊರ ಡಿಸ್ಕಿನ ವೈರು ಮಗುವಿನ ಕಾಲಿಗೆ ಸಿಕ್ಕಿ ಅದು ನೆಲಕ್ಕೆ ಬಿದ್ದರೆ ಮುಳ್ಳು ತಟ್ಟೆಗೆ ಬಡಿಯುತ್ತದೆ. ಮುಳ್ಳು ತನ್ನ ದಾರಿ ಕಾಣದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುವುದೇ ಆ ಸದ್ದು. ಅಂಥ ಸದ್ದು ಕೇಳಿದ ಕೂಡಲೇ ಕಂಪ್ಯೂಟರನ್ನು ಆರಿಸಿ, ಮತ್ತೆ ಹಾಕಬೇಡಿ. ಪ್ರತಿ ಸಲ ಹಾಕಿದಾಗಲೂ ಇನ್ನಷ್ಟು ಗೀಚುತ್ತದೆ. ಒಳಗಿರುವುದು ಅಮೂಲ್ಯವಾಗಿದ್ದರೆ ಡೇಟಾ ಹೊರತೆಗೆಯುವುದರಲ್ಲೇ ಪರಿಣತರಾದವರಿಗೆ ನೇರವಾಗಿ ಕೊಡಿ.

ಈಗ ನಾವು ಸೂಚಿಸುವ ವ್ಯವಸ್ಥೆ. ಕಂಪ್ಯೂಟರಿನೊಳಗೆ ಒಂದು ಎಸ್‌ಎಸ್‌ಡಿ ಇರಲಿ. ಅದರಲ್ಲಿ ತಿರುಗುವ ಭಾಗವಿಲ್ಲ, ಸದ್ದಿಲ್ಲ. ಆ ಎರಡು ಗುಣಗಳೂ ಧ್ವನಿಮುದ್ರಣಕ್ಕೆ ಬೇಕಾದವೇ. ವಿಂಡೋಸ್ ಮತ್ತು ತಂತ್ರಾಂಶಗಳು ಅದರಲ್ಲಿ ಕೂರಲಿ. ಮುದ್ರಣಕ್ಕೆ ಎರಡನೆಯ ಎಸ್‌ಎಸ್‌ಡಿ ಹಾಕಲು ಶಕ್ತಿಯಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಅದೇ ಎಸ್‌ಎಸ್‌ಡಿಯ ಮೇಲೆ ಮುದ್ರಿಸಿ, ತೊಂದರೆಯೇನಿಲ್ಲ. ಆದರೆ ಅದನ್ನು ಹಾಡಿನ ಮನೆ ಎಂದುಕೊಳ್ಳಬೇಡಿ, ಹಾಡು ಒಂದು ರಾತ್ರಿ ತಂಗುವ ಛತ್ರ ಅಷ್ಟೇ. ಹಾಡಿನ ಮನೆಗಳು ಎರಡು ಹೊರ ಹಾರ್ಡ್ ಡಿಸ್ಕುಗಳು. ಎರಡನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಒಂದೇ ಕಂಪನಿಯದು ಕೊಳ್ಳದಿರುವುದು ಲೇಸು, ಏಕೆಂದರೆ ಒಂದೇ ತಂಡದಲ್ಲಿ ತಯಾರಾದವು ಒಂದೇ ದೋಷ ಹೊತ್ತು ಬಂದಿರಬಹುದು. ದಾಸ್ತಾನಿಗೆ ಎಸ್‌ಎಸ್‌ಡಿಯನ್ನೇ ಏಕೆ ಹೇಳುತ್ತಿಲ್ಲ ಎಂದು ಕೇಳಬಹುದು. ಅದು ಮಾಹಿತಿಯನ್ನು ವಿದ್ಯುತ್ ಕಣಗಳ ರೂಪದಲ್ಲಿ ಹಿಡಿದಿಡುತ್ತದೆ. ಬೇಸಿಗೆಯ ಬಿಸಿಯಲ್ಲಿ ಬೀರುವಿನೊಳಗೆ ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬಿದ್ದಿದ್ದರೆ, ಅದರಲ್ಲೂ ಬಹಳ ಬಳಸಿ ಸವೆದದ್ದಾದರೆ, ಆ ಕಣಗಳು ಸೋರಿಹೋಗುವ ಅಪಾಯವಿದೆ. ಪೆನ್‌ಡ್ರೈವಿಗೂ ಇದೇ ಮಾತು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಪೆನ್‌ಡ್ರೈವುಗಳಲ್ಲಂತೂ ಕೆಲವು 512 ಜಿಬಿ ಎಂದು ಸುಳ್ಳು ಹೇಳಿ ಒಳಗೆ 16 ಜಿಬಿ ಇಟ್ಟುಕೊಂಡಿರುತ್ತವೆ. ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತವೆ.

ಕೊಂಡ ಹೊರ ಡಿಸ್ಕನ್ನು ಹಾಗೆಯೇ ಬಳಸುವ ಮೊದಲು ಅದರ ಫಾರ್ಮ್ಯಾಟ್ ಯಾವುದೆಂದು ನೋಡಿ. ಇದು ಸಣ್ಣ ವಿಷಯವೆಂದು ಕಂಡರೂ ನಮ್ಮ ಸೀಮೆಯ ಹಾಡಿಗೆ ನೇರವಾಗಿ ತಟ್ಟುವಂಥದ್ದು. ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ವಿಂಡೋಸ್ ಮಾತ್ರ ಬಳಸುವ ಮನೆಯಾದರೆ ಎನ್‌ಟಿಎಫ್‌ಎಸ್, ಮ್ಯಾಕ್ ಕಂಪ್ಯೂಟರಿಗೂ ಜೋಡಿಸುವುದಿದ್ದರೆ ಎಕ್ಸ್‌ಫ್ಯಾಟ್ ಆರಿಸಿ. ಎಕ್ಸ್‌ಫ್ಯಾಟ್ ಬಳಸುವವರು ವೈರನ್ನು ಎಳೆದು ತೆಗೆಯುವ ಅಭ್ಯಾಸವನ್ನು ಬಿಡಬೇಕು. ಬರೆಯುವುದು ಮುಗಿಯುವ ಮುನ್ನ ಎಳೆದರೆ ಅದರ ಸೂಚಿಪಟ್ಟಿಯೇ ಕೆಡಬಹುದು. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದುದೆಲ್ಲ ಅಳಿಯುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಖಾಲಿ ಇರುವಾಗಲೇ ಮಾಡಿ ಮುಗಿಸಿ.

ಡಿಸ್ಕಿನ ಮಿತಿ ಹೋಯಿತು ಎಂದರೆ ವೇವ್ ಫೈಲಿನದೇ ಮಿತಿ ಉಂಟು. ಅದರ ತಲೆಬರಹದಲ್ಲಿ ಫೈಲಿನ ಗಾತ್ರ ಬರೆಯಲು ಇರುವ ಜಾಗ 32 ಬಿಟ್ ಮಾತ್ರ, ಆದ್ದರಿಂದ ಅಲ್ಲಿಯೂ 4 ಜಿಬಿಯೇ ಗಡಿ. ಎರಡು ಮೈಕು, 48,000 ಅಳತೆ, 24 ಬಿಟ್ ಎಂದರೆ ಆ ಗಡಿ ಬರುವುದು ಸುಮಾರು 4 ಗಂಟೆ 8 ನಿಮಿಷಕ್ಕೆ. ಮೂರು ನಿಮಿಷದ ಸಿನಿಮಾ ಹಾಡು ಮುದ್ರಿಸುವವರಿಗೆ ಇದು ಜೀವಮಾನದಲ್ಲಿ ಎದುರಾಗುವುದಿಲ್ಲ. ರಾತ್ರಿ 10ಕ್ಕೆ ಕೂತು ಬೆಳಗಿನವರೆಗೆ ಹಾಡುವ ಕಥೆಗೆ, ಎಲ್ಲರೂ ತೂಕಡಿಸುತ್ತಿರುವ 2 ಗಂಟೆಯ ಹೊತ್ತಿಗೆ, ಸರಿಯಾಗಿ ಎದುರಾಗುತ್ತದೆ. ಕೆಲವು ತಂತ್ರಾಂಶಗಳು ಅಲ್ಲಿ ನಿಂತುಬಿಡುತ್ತವೆ. ಕೆಲವು ತಾವಾಗಿಯೇ ಹೊಸ ಫೈಲಿಗೆ ದಾಟುತ್ತವೆ. ಇನ್ನು ಕೆಲವು ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ರೂಪಿಸಿದ ಆರ್‌ಎಫ್64 ಎಂಬ ದೊಡ್ಡ ಗಾತ್ರದ ಮಾದರಿಗೆ ಬದಲಾಗುತ್ತವೆ. ನಿಮ್ಮದು ಏನು ಮಾಡುತ್ತದೆಂದು ಒಂದು ದಿನ ಖಾಲಿ ಕೋಣೆಯಲ್ಲಿ ಐದು ಗಂಟೆ ಓಡಿಸಿ ಪರೀಕ್ಷಿಸಿ. ಅದಕ್ಕಿಂತ ಸುಲಭದ ದಾರಿ, ಹಾಡುವವರು ಎಲೆ ಅಡಿಕೆಗೆ ನಿಲ್ಲಿಸಿದಾಗಲೆಲ್ಲ ನಾವೂ ನಿಲ್ಲಿಸಿ ಹೊಸ ಫೈಲು ಆರಂಭಿಸುವುದು. ಫೈಲು ಒಂದು ಕೆಟ್ಟರೂ ಒಂದು ಭಾಗವಷ್ಟೇ ಹೋಗುತ್ತದೆ.

ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶವನ್ನು ನಮ್ಮ ಯುವಕರಲ್ಲಿ ಹೆಚ್ಚಿನವರು ಬಳಸುವುದರಿಂದ ಅದರ ಬಗ್ಗೆ ಎರಡು ಮಾತು. 2021ರಲ್ಲಿ ಬಂದ ಮೂರನೆಯ ಆವೃತ್ತಿಗಿಂತ ಮುಂಚೆ ಅದು ಒಂದು ಪುಟ್ಟ ಪ್ರಾಜೆಕ್ಟ್ ಫೈಲನ್ನೂ, ಪಕ್ಕದಲ್ಲೇ ಸಾವಿರಾರು ಚೂರುಗಳಿದ್ದ ಒಂದು ಫೋಲ್ಡರನ್ನೂ ಮಾಡುತ್ತಿತ್ತು. ಹಾಡು ಇದ್ದದ್ದು ಆ ಫೋಲ್ಡರಿನಲ್ಲಿ. ಹಳೆಯ ಕಂಪ್ಯೂಟರಿನಿಂದ ನಕಲು ಮಾಡುವಾಗ ಅದನ್ನು ಬಿಟ್ಟು ಪುಟ್ಟ ಫೈಲನ್ನಷ್ಟೇ ತಂದರೆ ಬರೀ ಚೀಲ ತಂದಂತಾಯಿತು. ಈಗ ಎಲ್ಲವೂ ಒಂದೇ ಫೈಲಿನಲ್ಲಿ ಕೂರುತ್ತದೆ. ಆದರೆ ಅದು ತಾನಾಗಿ 32 ಬಿಟ್ಟಿನಲ್ಲಿ ಬರೆಯುವುದರಿಂದಲೂ, ಕತ್ತರಿಸಿ ಜೋಡಿಸಿದ್ದನ್ನು ಹಿಂತೆಗೆದುಕೊಳ್ಳಲು ಹಳೆಯ ಪ್ರತಿಯನ್ನೂ ಹಿಡಿದಿಡುವುದರಿಂದಲೂ ಆ ಫೈಲು ಬಲು ಬೇಗ ಊದಿಕೊಳ್ಳುತ್ತದೆ. ಗೂಗಲ್ ಡ್ರೈವಿನಂಥ ತಾನಾಗಿ ಅಂತರ್ಜಾಲಕ್ಕೆ ಏರುವ ಫೋಲ್ಡರಿನೊಳಗೆ ಇಟ್ಟು ಮುದ್ರಿಸಬಾರದು. ಇಬ್ಬರು ಒಂದೇ ಹಗ್ಗವನ್ನು ಎರಡು ಕಡೆಗೆ ಎಳೆದಂತಾಗುತ್ತದೆ. ಮುದ್ರಣ ಮುಗಿದ ಕೂಡಲೇ, ಏನನ್ನೂ ಕತ್ತರಿಸುವ ಮೊದಲು, ಇಡೀ ಹಾಡನ್ನು ವೇವ್ ಆಗಿಯೋ ಫ್ಲ್ಯಾಕ್ ಆಗಿಯೋ ಹೊರತೆಗೆಯಿರಿ. ಫ್ಲ್ಯಾಕ್ ಎಂಬುದು ಧ್ವನಿಯ ಒಂದು ಕಣವನ್ನೂ ಬಿಸಾಡದೆ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುವ ಮಾದರಿ. ಧ್ವನಿ ಕೆಟ್ಟಿದೆಯೇ ಎಂದು ಮುಂದೆ ಪರೀಕ್ಷಿಸಿ ನೋಡುವ ಗುರುತನ್ನೂ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಎಂಪಿ3 ಹಾಗಲ್ಲ, ಅದು ಬಿಸಾಡಿಯೇ ಚಿಕ್ಕದಾಗುವುದು. ಮೂಲಪ್ರತಿಯಾಗಿ ಅದನ್ನು ಇಡಬೇಡಿ.

ಮುದ್ರಿಸುವ ದಿನದ ಸಿದ್ಧತೆ ಬಹಳವೇನಿಲ್ಲ. ಕಂಪ್ಯೂಟರ್ ನಿದ್ರಿಸುವುದನ್ನೂ ಡಿಸ್ಕ್ ತಾನಾಗಿ ನಿಲ್ಲುವುದನ್ನೂ ವಿದ್ಯುತ್ ಸೆಟ್ಟಿಂಗಿನಲ್ಲಿ ತಪ್ಪಿಸಿ. ವಿಂಡೋಸ್ ಅಪ್‌ಡೇಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅಂತರ್ಜಾಲವನ್ನೇ ಕಡಿದುಬಿಡುವುದು ಇನ್ನೂ ಉತ್ತಮ. ಡಿಸ್ಕಿನಲ್ಲಿ ಐದನೆಯ ಒಂದು ಪಾಲಾದರೂ ಖಾಲಿ ಇರಲಿ. ಹಾರ್ಡ್ ಡಿಸ್ಕನ್ನು ಆಗಾಗ ಡಿಫ್ರ್ಯಾಗ್ ಮಾಡುವ ಹಳೆಯ ಅಭ್ಯಾಸವನ್ನು ಎಸ್‌ಎಸ್‌ಡಿಗೆ ತರಬೇಡಿ; ಅದಕ್ಕೆ ಬೇಕಾದ ಶುಚಿಯನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ.

ಇನ್ನು ಕರೆಂಟು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 2,050 ಮೆಗಾವಾಟ್ ಸೌರ ವಿದ್ಯುತ್ ಉದ್ಯಾನ 2019ರಲ್ಲಿ ಪೂರ್ಣಗೊಂಡಿತು. ಅಷ್ಟು ಹತ್ತಿರದಲ್ಲಿ ಅಷ್ಟು ಬೆಳಕು ಹುಟ್ಟಿದರೂ ಹಾಡಿನ ಮಧ್ಯೆ ಕರೆಂಟು ಹೋಗುವುದು ನಮ್ಮ ಕಡೆ ನಿಂತಿಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೆ ಫೈಲು ಮುಚ್ಚಿಕೊಳ್ಳದೆ ಉಳಿಯುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಧ್ವನಿಮುದ್ರಣಕ್ಕೆ ಕೂರಲೇಬಾರದು. ಲ್ಯಾಪ್‌ಟಾಪಿಗೆ ಅದರ ಬ್ಯಾಟರಿಯೇ ಯುಪಿಎಸ್. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿದರೆ ಹಿನ್ನೆಲೆಯ ಗುಂಯ್ ಎನ್ನುವ ಸದ್ದೂ ಎಷ್ಟೋ ಸಲ ಮಾಯವಾಗುತ್ತದೆ.

ಸದ್ದಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಕೊಳಲು ಜಾತಿಯ ವಾದ್ಯದಲ್ಲಿ ಸ್ವರದ ಜೊತೆಗೆ ಊದುವವನ ಉಸಿರೂ ಕೇಳಿಸುತ್ತದೆ, ಕೇಳಿಸಬೇಕು. ಆದರೆ ಕಂಪ್ಯೂಟರಿನ ಫ್ಯಾನೂ ತಿರುಗುವ ಡಿಸ್ಕೂ ಮಾಡುವ ಸದ್ದು ಉಸಿರಿನ ಸದ್ದಿಗೆ ಬಹಳ ಹತ್ತಿರ. ಒಮ್ಮೆ ಬೆರೆತರೆ ಯಾವ ತಂತ್ರಾಂಶವೂ ಉಸಿರಿಗೆ ನೋವಾಗದಂತೆ ಫ್ಯಾನನ್ನು ತೆಗೆದುಕೊಡಲಾರದು. ಆದ್ದರಿಂದ ಕಂಪ್ಯೂಟರನ್ನು ಪಕ್ಕದ ಕೋಣೆಯಲ್ಲಿಡಿ. ಯುಎಸ್‌ಬಿ ವೈರನ್ನು ಉದ್ದ ಮಾಡಲು ಹೋಗಬೇಡಿ, ಐದು ಮೀಟರಿನಾಚೆ ಅದು ನೆಚ್ಚಿಕೆಗೆ ಬಾರದು. ಉದ್ದವಾಗಬೇಕಾದದ್ದು ಇಂಟರ್‌ಫೇಸಿನಿಂದ ಮೈಕಿಗೆ ಹೋಗುವ ಮೂರು ಪಿನ್ನಿನ ವೈರು. ಹದಿನೈದು ಮೀಟರ್ ಇದ್ದರೂ ಅದಕ್ಕೆ ಆಯಾಸವಿಲ್ಲ. ದೇವಾಲಯದಲ್ಲಿ ಬಲಿಪೀಠದಿಂದ ಆಂಪ್ಲಿಫೈಯರಿನವರೆಗೆ ಎಳೆದಿರುವುದು ಅದೇ ವೈರನ್ನೇ.

ಹಾಡು ಮುಗಿಯಿತು, ಎಲ್ಲರೂ ಎದ್ದರು. ನಿಮಗಿನ್ನೂ ಅರ್ಧ ಗಂಟೆಯ ಕೆಲಸವಿದೆ. ಮೊದಲ ಹೊರ ಡಿಸ್ಕನ್ನು ಜೋಡಿಸಿ ಮೂಲ ಫೈಲುಗಳನ್ನು ನಕಲು ಮಾಡಿ, ತೆಗೆಯಿರಿ. ಎರಡನೆಯದನ್ನು ಜೋಡಿಸಿ ಹಾಗೆಯೇ ಮಾಡಿ, ತೆಗೆಯಿರಿ. ನಕಲು ಮೂಲದಂತೆಯೇ ಇದೆಯೇ ಎಂದು ಹೋಲಿಸಿ ನೋಡುವ ಟೆರಾಕಾಪಿಯಂಥ ತಂತ್ರಾಂಶ ಬಳಸಿದರೆ ನೆಮ್ಮದಿ. ಇಲ್ಲವಾದರೆ ಪ್ರತಿ ಫೈಲಿನ ಮೊದಲು, ನಡು, ಕೊನೆಯನ್ನು ಕಿವಿಗೊಟ್ಟು ಕೇಳಿ. ಎರಡನ್ನೂ ಒಟ್ಟಿಗೆ ಸದಾ ಜೋಡಿಸಿಯೇ ಇಡುವವರಿದ್ದಾರೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಒಂದು ಸಿಡಿಲು ಲೈನಿಗೆ ಬಡಿದರೆ, ಅಥವಾ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಬಂದರೆ, ಜೋಡಿಸಿದ್ದೆಲ್ಲವೂ ಒಂದೇ ಸಲಕ್ಕೆ ಹೋಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ನಮ್ಮ ಲೆಕ್ಕದಲ್ಲಿ ಎಸ್‌ಎಸ್‌ಡಿ ಒಂದು, ಹೊರ ಡಿಸ್ಕು ಎರಡು. ಅವುಗಳಲ್ಲಿ ಒಂದು ತುಮಕೂರಿನಲ್ಲೋ ಮಧುಗಿರಿಯಲ್ಲೋ ಇರುವ ಅಕ್ಕನ ಮನೆಯ ಬೀರುವಿನಲ್ಲಿರಲಿ. ಹಬ್ಬಕ್ಕೆ ಹೋದಾಗ ಒಂದನ್ನು ಕೊಟ್ಟು ಇನ್ನೊಂದನ್ನು ತರಬಹುದು. ಅಂತರ್ಜಾಲದಲ್ಲಿ ಇಡುತ್ತೇವೆ ಎನ್ನುವವರು ಇಡಲಿ, ತಾಳ್ಮೆ ಬೇಕು. ಸೆಕೆಂಡಿಗೆ 5 ಮೆಗಾಬಿಟ್ ಏರಿಕೆಯ ವೇಗ ಸಿಕ್ಕರೂ ಒಂದು ರಾತ್ರಿಯ 8.3 ಜಿಬಿಗೆ ಮೂರೂ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ತಿರುಗಾಡಿ ಅಂದಿನ ಯಂತ್ರಗಳಲ್ಲಿ ಹಾಡುಗಳನ್ನು ಮುದ್ರಿಸಿಕೊಂಡರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳ ಪ್ರತಿ ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಅವರು ಹೋದ ದಾರಿಯಲ್ಲೇ ಮತ್ತೆ ಹೋದರು, ಏನು ಉಳಿದಿದೆ, ಏನು ಬದಲಾಗಿದೆ ಎಂದು ನೋಡಲು. ನಡುವೆ 46 ವರ್ಷ. ನಮ್ಮ ಡಿಸ್ಕುಗಳಿಗೆ ಅಷ್ಟು ಆಯಸ್ಸಿಲ್ಲ. ಬಾಕೆಯವರ ಹಾಡು ಉಳಿದದ್ದೂ ಮೂಲ ಯಂತ್ರದ ಗಟ್ಟಿತನದಿಂದ ಮಾತ್ರವಲ್ಲ, ಕಾಲಕಾಲಕ್ಕೆ ಯಾರೋ ಕುಳಿತು ಹೊಸ ಸಾಧನಕ್ಕೆ ನಕಲು ಮಾಡಿದ್ದರಿಂದ. ಆದ್ದರಿಂದ ವರ್ಷಕ್ಕೊಮ್ಮೆ ಎರಡೂ ಡಿಸ್ಕುಗಳನ್ನು ಹಾಕಿ ಕೇಳಿ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನು ಬಣ್ಣದಲ್ಲಿ ತೋರಿಸುತ್ತದೆ. ಹಳದಿ ಕಂಡರೆ ಅಂದೇ ಹೊಸ ಡಿಸ್ಕು ತನ್ನಿ. ನೀಲಿ ಇದೆ ಎಂದು ಮೈಮರೆಯುವಂತೆಯೂ ಇಲ್ಲ, ಯಾವ ಮುನ್ಸೂಚನೆಯನ್ನೂ ಕೊಡದೆ ಕೆಡುವ ಡಿಸ್ಕುಗಳುಂಟು. ಐದು ವರ್ಷವಾದದ್ದನ್ನು ಕೆಡದಿದ್ದರೂ ಬದಲಿಸಿ. ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಇಂಥಲ್ಲಿ ವಿಚಾರಿಸಿ ಒಂದು ಪ್ರತಿ ಕೊಡಲು ಸಾಧ್ಯವಾದರೆ ಅದೂ ಒಳ್ಳೆಯದೇ.

ಫೈಲಿಗೆ ಹೆಸರಿಡುವಾಗ 'ಹೊಸದು 1', 'ಅಜ್ಜಿ ಹಾಡು ಕೊನೆಯದು' ಎಂದೆಲ್ಲ ಬರೆಯಬೇಡಿ. ಮೊದಲು ವರ್ಷ, ತಿಂಗಳು, ದಿನಾಂಕ, ಅನಂತರ ಊರು, ಹಾಡಿದವರು, ಹಾಡು. ಹೀಗೆ ಬರೆದರೆ ಕಂಪ್ಯೂಟರ್ ತಾನಾಗಿ ಕಾಲಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ. ಫೈಲಿನ ಹೆಸರು ಅಳಿಸಿಹೋದರೂ ಇರಲಿ ಎಂದು ಮುದ್ರಣದ ಆರಂಭದಲ್ಲೇ ಅದನ್ನು ಬಾಯಲ್ಲಿ ಹೇಳಿ. ಅಲ್ಲೇ ಹಾಡುವವರನ್ನು ಒಂದು ಮಾತು ಕೇಳಿ: "ಅಜ್ಜೀ, ಇದನ್ನು ಮನೆಯವರು ಮಾತ್ರ ಕೇಳಬೇಕೋ, ಹೊರಗಿನವರಿಗೂ ಕೇಳಿಸಬಹುದೋ?" ಕೆಲವು ಪದಗಳನ್ನು ದೇವರ ಮುಂದೆ ಮಾತ್ರ ಹಾಡುವುದು, ಎಲ್ಲೆಂದರಲ್ಲಿ ಹಾಡಬಾರದು ಎಂಬ ಕಟ್ಟಳೆ ಇರಬಹುದು. ನಾವು ಕ್ರೈಸ್ತರು ಅನ್ಯರ ಹಟ್ಟಿಗೆ ಮೈಕು ಹಿಡಿದು ಹೋದಾಗಲಂತೂ ಇದನ್ನು ಎರಡು ಸಲ ಕೇಳಬೇಕು. ಬೇಡ ಎಂದರೆ ಬೇಡ. ಹೌದು ಎಂದರೆ ಆ ಹೌದು ಕೂಡ ಹಾಡಿನ ಜೊತೆಗೇ, ಅದೇ ದನಿಯಲ್ಲಿ, ಡಿಸ್ಕಿನಲ್ಲಿ ಉಳಿಯುತ್ತದೆ.

ಒಂದು ವಾರದೊಳಗೆ ಅವರ ಪಾಲಿನ ಪ್ರತಿಯನ್ನು ತಲುಪಿಸಿ. ಅದಕ್ಕೆ ಫ್ಲ್ಯಾಕ್ ಬೇಡ, 24 ಬಿಟ್ಟೂ ಬೇಡ. ಮೊಮ್ಮಗನ ಮೊಬೈಲಿನ ಮೆಮೊರಿ ಕಾರ್ಡಿಗೆ ಎಂಪಿ3 ಹಾಕಿಕೊಟ್ಟರೆ ಅಂದು ಸಂಜೆಯೇ ಜಗಲಿಯಲ್ಲಿ ಎಲ್ಲರೂ ಕೂತು ಕೇಳುತ್ತಾರೆ, ನಡುವೆ ಎಲ್ಲಿ ಯಾವ ಸಾಲು ಬಿಟ್ಟುಹೋಗಿದೆ ಎಂದು ಅಜ್ಜಿಯೇ ಹೇಳುತ್ತಾರೆ. ಆ ಸಾಲಿಗಾಗಿ ಮತ್ತೊಮ್ಮೆ ಮೈಕು ಹಿಡಿದು ಹೋಗುವಾಗ ಡಿಸ್ಕಿನಲ್ಲಿ ಜಾಗವಿದೆಯೇ ನೋಡಿಕೊಳ್ಳಿ.